ಅಕ್ಕೋರು ಕೆಡಿಸಿದ ರೊಟ್ಟಿ

ನನ್ನ ತಂಗಿಯ ಮಗಳು ಇಂಗ್ಲೆಂಡಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಅಭ್ಯಾಸ ಪಾಠ ಮಾಡುತ್ತಿದ್ದ ಚಳಿಗಾಲದಲ್ಲಿ ಅವಳು ವಾರಕ್ಕೆ ಎರಡು ಫೋನು ಮಾಡುತ್ತಿದ್ದಳೆಂಬುದು ನನಗೆ ತಡವಾಗಿ ತಿಳಿಯಿತು. ಒಂದು ರವಿವಾರ ಮಧ್ಯಾಹ್ನ, ಬೈಲಹೊಂಗಲದಲ್ಲಿರುವ ನನಗೆ. ಇನ್ನೊಂದು ಶನಿವಾರ, ದೊಡವಾಡದಲ್ಲಿರುವ ಅಕ್ಕೋರಿಗೆ. ಅಕ್ಕೋರು ಎಂದರೆ ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸು. ಇವರು ದೊಡವಾಡದ ಶಾಲೆಯಲ್ಲಿ ನನ್ನ ತಂಗಿಯ ಮಗಳಿಗೆ ಒಂದನೆಯ ತರಗತಿಯಿಂದ ನಾಲ್ಕನೆಯವರೆಗೆ ಕಲಿಸಿ, ಈಗ ನನ್ನಂತೆಯೇ ನಿವೃತ್ತರಾಗಿದ್ದಾರೆ. ಶನಿವಾರ ಅವರಿಗೆ, ರವಿವಾರ ನನಗೆ. ಅಂದರೆ ನನ್ನ ಪಾಲಿಗೆ ಬರುತ್ತಿದ್ದುದು ಒಂದು ದಿನ ಹಳೆಯದಾದ ಸುದ್ದಿ. ಇದು ತಿಳಿದ ದಿನ ನನಗಾದದ್ದು ಬೇಸರವಲ್ಲ. ಅದಕ್ಕೆ ಸರಿಯಾದ ಹೆಸರು ಹೊಟ್ಟೆಕಿಚ್ಚು, ಮತ್ತು ಈ ಬರಹದ ಉದ್ದಕ್ಕೂ ಅದನ್ನು ಆ ಹೆಸರಿನಿಂದಲೇ ಕರೆಯುತ್ತೇನೆ.

ನನ್ನ ಉದ್ಯೋಗದ ವಿಷಯ ಎರಡು ಮಾತು ಹೇಳಬೇಕು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ತಾಲೂಕುಗಳ ಹಳೆಯ ಶಾಲೆಗಳ ಇತಿಹಾಸವೇ ನನ್ನ ಸಂಶೋಧನೆಯ ಕ್ಷೇತ್ರವಾಗಿತ್ತು. ಗೆದ್ದಲು ತಿಂದ ಹಾಜರಿ ಪುಸ್ತಕಗಳನ್ನು ಓದಿ, ಯಾವ ಊರಿನಲ್ಲಿ ಯಾವಾಗ ಶಾಲೆ ತೆರೆಯಿತು, ಎಷ್ಟು ಹೆಣ್ಣುಮಕ್ಕಳು ಬಂದರು, ಯಾಕೆ ಬಿಟ್ಟರು ಎಂದು ಬರೆಯುತ್ತಿದ್ದೆ. ಒಂದು ತಾರೀಖನ್ನು ಪರಸ್ಪರ ಸಂಬಂಧವಿಲ್ಲದ ಎರಡು ಸಾಕ್ಷಿಗಳು ಒಪ್ಪದ ಹೊರತು ನಾನು ಒಪ್ಪಿದವಳಲ್ಲ. ಶಾಲೆಗಳ ಬಗ್ಗೆ ಇಷ್ಟು ಬರೆದ ನಾನು ಒಂದು ತರಗತಿಯನ್ನೂ ಒಂದು ವಾರ ಪೂರ್ತಿ ನಡೆಸಿದವಳಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ಹುಡುಗಿ ಶಿಕ್ಷಕಿಯಾಗಬೇಕೆಂದು ಹೊರಟಾಗ ಅದರ ಹಿಂದೆ ನಾನಿದ್ದೇನೆಂದು ನಂಬಿದ್ದೆ. ಶಾಲೆಯ ಬೇಸಿಗೆ ಸೂಟಿಯಲ್ಲಿ ಅವಳನ್ನು ಕಿತ್ತೂರಿಗೆ ಕರೆದೊಯ್ದು ಅರಮನೆಯ ಪಾಯಗಳನ್ನು ಹೆಜ್ಜೆಗಳಲ್ಲಿ ಅಳೆಸಿದವಳು ನಾನು. ತೊರಗಲ್ ಕೋಟೆಯ ಬಿಸಿಲಿನಲ್ಲಿ ನಿಲ್ಲಿಸಿ, ಯಾವ ಗೋಡೆ ಮೊದಲು, ಯಾವುದು ಆಮೇಲೆ, ಕಲ್ಲು ನೋಡಿ ಹೇಳು ಎಂದು ಕೇಳಿದವಳೂ ನಾನು. ವಿದೇಶದ ತರಬೇತಿಗೆ ಅವಳು ಬರೆದ ಅರ್ಜಿಯನ್ನು ಏಳು ಸಲ ತಿದ್ದಿದ್ದೆ. ಅದರಲ್ಲಿ, ನನಗೆ ಕಲಿಸುವ ಆಸೆ ಹುಟ್ಟಿಸಿದ ಒಬ್ಬ ಹಿರಿಯರಿದ್ದಾರೆ ಎಂಬ ವಾಕ್ಯವೊಂದಿತ್ತು. ಆ ಹಿರಿಯರು ಯಾರೆಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವಿದೆಯೆಂದು ಅನ್ನಿಸಲಿಲ್ಲ.

ಅವಳಿಗೆ ಕೊಟ್ಟ ತರಗತಿಯಲ್ಲಿ ಏಳು ವರ್ಷದ ಮಕ್ಕಳಿದ್ದರು. ಮನೆಯಲ್ಲಿ ಸೊಮಾಲಿ, ಬಂಗಾಳಿ, ಪಂಜಾಬಿ, ಪೋಲಿಷ್, ಅರಬ್ಬಿ ಆಡುವವರು. ಇಂಗ್ಲಿಷ್ ಮನೆಮಾತಾಗಿದ್ದವರು ಕೆಲವರೇ. ಹೆಚ್ಚಿನವರು ಗಲಾಟೆಯ ಮಕ್ಕಳೇ. ಆದರೆ ಹೊಸದಾಗಿ ಬಂದ ಐದಾರು ಮಕ್ಕಳು ಬಾಯಿಯನ್ನೇ ತೆರೆಯುತ್ತಿರಲಿಲ್ಲ. ಅವರಲ್ಲಿ ಒಬ್ಬಳು ಸೊಮಾಲಿ ಹುಡುಗಿ, ಶಾಲೆಗೆ ಸೇರಿದಂದಿನಿಂದ ಅಲ್ಲಿ ಒಂದು ಶಬ್ದವನ್ನೂ ಆಡಿರಲಿಲ್ಲ. ತರಬೇತಿ ಸಂಸ್ಥೆಯ ವೀಕ್ಷಕಿ ಹಿಂದಿನ ಬೆಂಚಿನಲ್ಲಿ ಕುಳಿತು ನೋಡುವ ಪಾಠಗಳು ಎರಡು. ಮೊದಲನೆಯದು ಕೆಟ್ಟಿತು. 'ಮಕ್ಕಳು ನಿನ್ನನ್ನು ಚೆನ್ನಾಗಿ ನೋಡಿದರು, ಮಾತಾಡಲಿಲ್ಲ' ಎಂದು ವೀಕ್ಷಕಿ ಬರೆದುಕೊಟ್ಟರು. ಎರಡನೆಯದೂ ಕೆಟ್ಟರೆ ಅಭ್ಯಾಸ ಪಾಠದ ಅಷ್ಟೂ ವಾರಗಳು ಲೆಕ್ಕಕ್ಕೆ ಬರುವುದಿಲ್ಲ. ಪ್ರಮಾಣಪತ್ರವಿಲ್ಲದೆ ಊರಿಗೆ ಮರಳಬೇಕು.

ಇದನ್ನು ಕೇಳಿದ ಮೂರನೆಯ ದಿನ ನಾನು ಅವಳಿಗೆ ಹನ್ನೊಂದು ಪುಟದ ಟಿಪ್ಪಣಿ ಕಳಿಸಿದೆ. ಹಲವು ಭಾಷೆಗಳ ತರಗತಿಯ ಸ್ವರೂಪ, ನಮ್ಮ ಗಡಿ ತಾಲೂಕುಗಳಲ್ಲಿ ಕನ್ನಡ, ಮರಾಠಿ, ಉರ್ದು ಮಕ್ಕಳು ಕೂಡಿ ಕಲಿತ ಬಗೆ, ಕೊನೆಯಲ್ಲಿ ತೊರಗಲ್ ಕೋಟೆಯ ನಕಾಶೆಯನ್ನು ಮಕ್ಕಳಿಂದ ಸಣ್ಣ ಕಲ್ಲುಗಳಲ್ಲಿ ಕಟ್ಟಿಸುವ ಒಂದು ಪಾಠ. ಅಡಿಟಿಪ್ಪಣಿಗಳೂ ಇದ್ದವು.

ಎರಡನೆಯ ಪಾಠ ಆದ ನಂತರದ ರವಿವಾರ ಫೋನು ಬಂತು.

"ದೊಡ್ಡವ್ವಾ, ಪಾಠ ಪಾಸ್ ಆತು."

"ಎಷ್ಟನೇ ಪುಟದ್ದು ಮಾಡಿದಿ?"

"ಎಷ್ಟನೇ ಪುಟ ಅಂದ್ರ?"

"ನಾ ಕಳಿಸಿದ್ದು. ಹನ್ನೊಂದು ಪುಟ."

"ಹಾಂ, ಅದು. ಅದು ಭಾಳ ಚಲೋ ಅದ. ಪ್ರಿಂಟ್ ತಗದು ಫೈಲಿನ್ಯಾಗ ಇಟ್ಟೇನಿ."

ಫೈಲಿನಲ್ಲಿ ಇಟ್ಟೇನಿ ಎಂದರೆ ಓದಿಲ್ಲ ಎಂದರ್ಥ. ಇತರ ವಿದ್ವಾಂಸರ ಲೇಖನಗಳ ಬಗ್ಗೆ ಈ ಮಾತನ್ನು ನಾನೇ ಎಷ್ಟೋ ಸಲ ಆಡಿದ್ದೇನೆ.

ಆಮೇಲೆ ಅವಳು ಪಾಠವನ್ನು ವಿವರಿಸಿದಳು. ಮೇಜಿನ ಮೇಲೆ ಆಟಿಕೆಯ ಕೆಟಲಿ, ಕಪ್ಪು, ಬಸಿ ಇಟ್ಟು, ಇವತ್ತು ನಿಮಗೆ ಚಹಾ ಮಾಡಿ ಕೊಡುತ್ತೇನೆ ಎಂದಳಂತೆ. ಮೊದಲು ಕಪ್ಪಿಗೆ ತಣ್ಣೀರು, ಅದರ ಮೇಲೆ ಹಾಲು, ಅದರ ಮೇಲೆ ಸಕ್ಕರೆ, ಎಲ್ಲದರ ಮೇಲೆ ಚಹಾಪುಡಿ ಉದುರಿಸಿ ಪೆನ್ಸಿಲಿನಿಂದ ತಿರುವಿದಳಂತೆ. ಮುಖದಲ್ಲಿ ನಗುವಿಲ್ಲ. ಮೊದಲು ಒಂದು ಪೋಲಿಷ್ ಮಗು, ಹಾಲು ಯಾಕೆ, ನಿಂಬೆಹಣ್ಣಿನ ಹೋಳು ಎಲ್ಲಿ ಎಂದಿತು. ಬಂಗಾಳಿ ಹುಡುಗಿ ಎದ್ದು ನಿಂತು ನಮ್ಮ ಹುಡುಗಿಯನ್ನೇ ಬೈದಳು. ತರಗತಿಗೆ ನೆರವಾಗುತ್ತಿದ್ದ ಆ ಊರಿನ ಹೆಂಗಸೂ ತಡೆಯಲಾರದೆ ಹಿಂದಿನಿಂದ ಏನೋ ತಿದ್ದುಪಡಿ ಹೇಳಿದಳು. ಗದ್ದಲ ಏರಿದಾಗ ಆ ಸೊಮಾಲಿ ಹುಡುಗಿ ತನ್ನ ಜಾಗ ಬಿಟ್ಟು ಬಂದು, ಕೆಟಲಿಯನ್ನು ನನ್ನ ತಂಗಿಯ ಮಗಳ ಕೈಯಿಂದ ಕಸಿದುಕೊಂಡು, ತನ್ನ ಭಾಷೆಯಲ್ಲಿ ಉದ್ದಕ್ಕೂ ಬೈದು, ಕೊನೆಗೆ ಇಂಗ್ಲಿಷಿನಲ್ಲಿ ಹೇಳಿದಳಂತೆ: ಇಲ್ಲ, ಮೊದಲು ಬೆಂಕಿ.

"ವೀಕ್ಷಕಿ ಬರಿಯೂದು ಬಿಟ್ಟು ನೋಡಾಕತ್ತಿದ್ರು ದೊಡ್ಡವ್ವಾ."

"ಇದನ್ನ ನಿನಗ ಯಾರು ಹೇಳಿಕೊಟ್ರು?"

"ಅಕ್ಕೋರು. ಅವರಿಗೆ ಶನಿವಾರಕ್ಕೊಮ್ಮೆ ಫೋನ್ ಮಾಡತೇನಲ್ಲ. 'ಕಲಿಸೂದು ಬಿಡು, ಕೆಡಸು, ಅವು ತಿದ್ದತಾವು' ಅಂದ್ರು. ನಮಗ ಮಣ್ಣಿನ ರೊಟ್ಟಿ ಕೆಡಸತಿದ್ರು. ನಾ ಇಲ್ಲಿ ಚಹಾ ಕೆಡಿಸಿದೆ."

ಶನಿವಾರದ ಫೋನಿನ ವಿಷಯ ನನಗೆ ತಿಳಿದದ್ದು ಹೀಗೆ. ಆದರೆ ಅದಕ್ಕಿಂತ ಹೆಚ್ಚು ಸುಟ್ಟದ್ದು ಮಣ್ಣಿನ ರೊಟ್ಟಿ. ಯಾಕೆಂದರೆ ಅದು ನನ್ನದು. ನನ್ನ ನಡುವಯಸ್ಸಿನಲ್ಲಿ ಒಂದು ಸಂಶೋಧನ ಪತ್ರಿಕೆಯಲ್ಲಿ ನಾನು ಪ್ರಕಟಿಸಿದ ಲೇಖನದ ಮುಖ್ಯ ಭಾಗವೇ ಅದು: ಶಿಕ್ಷಕಿ ಮನೆಗೆಲಸವೊಂದನ್ನು ಬೇಕೆಂದೇ ತಪ್ಪು ಮಾಡುವುದು, ಮೌನವಾಗಿರುವ ಮಗು ಅದನ್ನು ತಾಳಲಾರದೆ ತನ್ನ ಮನೆಮಾತಿನಲ್ಲಿ ತಿದ್ದುವುದು. ಸವದತ್ತಿಯ ಒಂದು ಶಾಲೆಯಲ್ಲಿ ನಾನೇ ಮಾಡಿ ನೋಡಿದ್ದೆ. ಹಾಗೆಂದು ಹುಡುಗಿಗೆ ಹೇಳಿದೆ. ಧ್ವನಿ ಸಮವಾಗಿರುವಂತೆ ನೋಡಿಕೊಂಡೆ.

"ಖರೇನ ದೊಡ್ಡವ್ವಾ? ಹಂಗಾರ ನನ್ನ ಕೆಲಸ ಹಗುರಾತು. ಪಾಠದ ಮ್ಯಾಲೆ ವರದಿ ಕೊಡಬೇಕು, ಬರೂ ಶುಕ್ರವಾರ. ವರದಿ ಇಲ್ಲಾಂದ್ರ ಪಾಸೂ ಇಲ್ಲ. ವಿಧಾನಕ್ಕ ಬರವಣಿಗಿ ಆಧಾರ ಬೇಕಂತ. ಅಕ್ಕೋರು ಫೋನಿನ್ಯಾಗ ಹೇಳಿದ್ದು ನಡಿಯೂದಿಲ್ಲಂತ. ನಿಂದs ಹಾಕತೇನಿ."

ನಿಂದs ಹಾಕತೇನಿ. ಆ ಮಧ್ಯಾಹ್ನ ನಾನು ಸಂತೋಷದಿಂದ ಇದ್ದೆ. ನನ್ನ ಹನ್ನೊಂದು ಪುಟ ಬೇಡವಾಗಿದ್ದರೂ ಆ ವರದಿಯಲ್ಲಿ ಅಕ್ಕೋರು ಇರುವುದಿಲ್ಲ, ನಾನಿರುತ್ತೇನೆ.

ಲೇಖನದ ಪ್ರತಿಯನ್ನು ಕಳಿಸುವ ಮೊದಲು, ಅಭ್ಯಾಸಬಲದಿಂದ, ಸವದತ್ತಿಯ ಆ ದಿನದ ತಾರೀಖನ್ನು ನನ್ನ ಕ್ಷೇತ್ರಕಾರ್ಯದ ದಿನಚರಿಯೊಂದಿಗೆ ತಾಳೆ ನೋಡಲು ಕುಳಿತೆ. ಲೇಖನ ಶ್ರಾವಣದ ಎರಡನೆಯ ಶನಿವಾರ ಎನ್ನುತ್ತದೆ. ದಿನಚರಿಯೂ ಹಾಗೆಯೇ ಎನ್ನುತ್ತದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಲೇಖನದ ಒಂದು ವಾಕ್ಯ ಕಣ್ಣಿಗೆ ಚುಚ್ಚಿತು: 'ಮಕ್ಕಳ ಬಳಿ ಜೇಡಿಮಣ್ಣು ಹೇಗೂ ಇರುತ್ತದೆ.' ಶ್ರಾವಣದಲ್ಲಿ ಮಕ್ಕಳ ಬಳಿ ಜೇಡಿಮಣ್ಣು ಯಾಕೆ ಇರುತ್ತದೆ? ಅದು ಇರುವುದು ಮಣ್ಣೆತ್ತಿನ ಅಮಾವಾಸ್ಯೆಗೆ, ಎತ್ತು ಮಾಡಿ ಪೂಜಿಸಲು ಹೊಲದಿಂದ ತಂದಾಗ. ಅದಾದದ್ದು ಒಂದೂವರೆ ತಿಂಗಳು ಮೊದಲು. ಸವದತ್ತಿಯಲ್ಲಿ ನಾನು ಮಣ್ಣನ್ನು ಕುಂಬಾರರಿಂದ ತರಿಸಿದ್ದೆನೆಂದು ದಿನಚರಿಯೇ ಹೇಳುತ್ತಿತ್ತು. ಹಾಗಾದರೆ ಆ ವಾಕ್ಯ ಎಲ್ಲಿಂದ ಬಂತು?

ದಿನಚರಿಯ ಪುಟಗಳನ್ನು ಹಿಂದಕ್ಕೆ ಮಗುಚಿದೆ. ಮಣ್ಣೆತ್ತಿನ ಅಮಾವಾಸ್ಯೆಯ ನಂತರದ ಶನಿವಾರ. 'ಧಾರವಾಡದ ಬಸ್ಸು ದೊಡವಾಡದಲ್ಲಿ ಕೆಟ್ಟಿತು. ಮುಂಜಾನೆಯ ಶಾಲೆ ನಡೆದಿತ್ತು, ಒಳಗೆ ಕುಳಿತೆ. ಅಕ್ಕೋರು, ರೊಟ್ಟಿ, ಲಂಬಾಣಿ ಹುಡುಗಿ. ಮರೆಯಬಾರದು.' ಅಷ್ಟೇ. ಓದಿದ ಮೇಲೆ ಆ ಕೋಣೆ ತಾನಾಗಿ ನೆನಪಿಗೆ ಬಂತು. ಪೂಜೆಯಾಗಿ ಉಳಿದ ಮಣ್ಣನ್ನು ಆಗಿನ್ನೂ ಚಿಕ್ಕ ವಯಸ್ಸಿನ ಇದೇ ಅಕ್ಕೋರು ನೆಲದ ಮೇಲೆ ಕುಳಿತು ತಟ್ಟುತ್ತಿದ್ದರು. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರಕು. ರಸ್ತೆ ಕೆಲಸಕ್ಕೆ ಬಂದ ಮನೆಯ ಆ ಲಂಬಾಣಿ ಹುಡುಗಿ ಅವರ ಮಣಿಕಟ್ಟು ಹಿಡಿದು, ತನ್ನ ಮಾತಿನಲ್ಲಿ ಬೈಯುತ್ತ, ಹೀಗೆ ತಿರುಗಿಸು ಎಂದು ತೋರಿಸುತ್ತಿದ್ದಳು.

ಲೇಖನವನ್ನು ಮತ್ತೆ ತೆರೆದೆ. 'ಈ ಲೇಖಕಿಯು ರೂಪಿಸಿದ ವಿಧಾನ' ಎಂದಿತ್ತು.

ನನ್ನ ಮೊದಲ ಯೋಚನೆ ಪಶ್ಚಾತ್ತಾಪದ್ದಾಗಿರಲಿಲ್ಲ. ದಿನಚರಿಯ ತಾರೀಖು ತಪ್ಪಿರಬಹುದು ಎಂಬುದಾಗಿತ್ತು. ಸಡಿಲ ಹಾಳೆಗಳ ದಿನಚರಿ ಅದು, ಪುಟ ಅದಲುಬದಲಾಗಿರಬಹುದು. ದೊಡವಾಡಕ್ಕೆ ನಾನು ಹೋದದ್ದು ಸವದತ್ತಿಯ ನಂತರವೇ ಇದ್ದರೆ ಅಕ್ಕೋರು ನನ್ನಿಂದ ಕಲಿತರೆಂದಾಗುತ್ತದೆ. ಒಂದೇ ಸಾಕ್ಷಿಯ ಮೇಲೆ ಯಾವ ತಾರೀಖನ್ನೂ ಒಪ್ಪುವಂತಿಲ್ಲ ಎಂಬ ನನ್ನ ನಿಯಮ ಆ ದಿನ ನನಗೆ ಬಹಳ ಪ್ರಿಯವಾಯಿತು. ಲೇಖನವನ್ನು ಕಳಿಸದೆ ತಡೆಹಿಡಿದು, ಬುಧವಾರ ದೊಡವಾಡದ ಬಸ್ಸು ಹತ್ತಿದೆ.

ಶಾಲೆಗಳಲ್ಲಿ ಸಂದರ್ಶಕರ ಪುಸ್ತಕ ಎಂದೊಂದಿರುತ್ತದೆ. ಅಧಿಕಾರಿಗಳು, ದೊಡ್ಡವರು ಬಂದುಹೋದಾಗ ತಾರೀಖು ಹಾಕಿ ನಾಲ್ಕು ಸಾಲು ಬರೆದು ಸಹಿ ಮಾಡುತ್ತಾರೆ. ಅದನ್ನು ಯಾರೂ ಓದುವುದಿಲ್ಲ, ಓದುವವಳು ನಾನೊಬ್ಬಳೇ. ಅಲ್ಲಿಯ ಶಾಲೆಯ ಮುಖ್ಯಗುರುಗಳು ತರುಣರು. ಕಪಾಟಿನ ತಳದಿಂದ ಹಳೆಯ ಪುಸ್ತಕ ತೆಗೆದು ಧೂಳು ಒರೆಸಿ ಕೊಟ್ಟರು.

"ಏನು ಹುಡುಕಾಕತ್ತೀರಿ ಮೇಡಂ?"

"ಒಂದು ತಾರೀಖು."

"ಸಿಕ್ಕರ ಚಲೋನೋ, ಸಿಗದಿದ್ರ ಚಲೋನೋ?" ಎಂದು ನಕ್ಕರು. ನನ್ನ ಮುಖದಲ್ಲಿ ಏನು ಕಂಡರೋ, ಚಹಾ ತರಿಸುತ್ತೇನೆಂದು ಎದ್ದು ಹೋದರು.

ಸಿಕ್ಕಿತು. ನನ್ನದೇ ಅಕ್ಷರ, ನನ್ನದೇ ಸಹಿ. ಮೇಲಿನ ನಮೂದು ಒಬ್ಬ ತಪಾಸಣಾಧಿಕಾರಿಯದು, ಕೆಳಗಿನದು ಆರೋಗ್ಯ ತಪಾಸಣೆಯದು. ಎರಡರ ನಡುವೆ ನನ್ನ ತಾರೀಖು ಅಲುಗಾಡುವಂತಿರಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಯ ನಂತರದ ಅದೇ ಶನಿವಾರ. 'ಬಸ್ಸು ಕೆಟ್ಟ ಕಾರಣ ಒಂದು ತಾಸು ಇಲ್ಲಿ ಕುಳಿತೆ. ಇಲ್ಲಿಯ ಅಕ್ಕೋರು ಮಣ್ಣಿನ ರೊಟ್ಟಿಯನ್ನು ಬೇಕೆಂದೇ ಕೆಡಿಸಿ, ಮಾತಾಡದ ಮಗುವಿನಿಂದ ಬೈಸಿಕೊಂಡು, ಅದನ್ನು ಮಾತಿಗೆ ಎಳೆದರು. ಕೇಳಿದರೆ, ಯಾರೂ ಹೇಳಿಕೊಟ್ಟದ್ದಲ್ಲ ಎಂದರು. ವಿಧಾನ ಇವರದೇ. ಉಳಿದ ಶಾಲೆಗಳೂ ನೋಡತಕ್ಕದ್ದು.'

ವಿಧಾನ ಇವರದೇ. ಅಷ್ಟು ಸ್ಪಷ್ಟವಾಗಿ ಬರೆದವಳು, ಕೆಲವೇ ತಿಂಗಳಲ್ಲಿ ಲೇಖನ ಬರೆಯುವಾಗ ಹೇಗೆ ಮರೆತೆ? ಮರೆತೆನೋ, ಮರೆಯುವುದು ಅನುಕೂಲವಾಗಿತ್ತೋ? ಇದಕ್ಕೆ ಸಾಕ್ಷಿ ಯಾವ ಕಪಾಟಿನಲ್ಲಿಯೂ ಇಲ್ಲ. ಪುಟದ ಚಿತ್ರವನ್ನು ಫೋನಿನಲ್ಲಿ ತೆಗೆದುಕೊಂಡೆ. ಯಾವುದಕ್ಕೆಂದು ಆಗ ನನಗೂ ಗೊತ್ತಿರಲಿಲ್ಲ.

ಅಕ್ಕೋರ ಮನೆ ಶಾಲೆಯ ಹಿಂದಿನ ಓಣಿಯಲ್ಲಿ. ಅಂಗಳದಲ್ಲಿ ಎಮ್ಮೆಗೆ ಕಣಕಿ ಹಾಕುತ್ತಿದ್ದವರು ಕೈ ತೊಳೆದು ಬಂದರು.

"ಬರ್ರಿ ಮೇಡಮ್ಮಾರ, ಕುಂದರ್ರಿ. ಹುಡುಗಿ ಪಾಸಾತಂತ, ಕೇಳಿದ್ರೇನು?"

"ರವಿವಾರ ಕೇಳಿದೆ."

"ನನಗ ಶನಿವಾರನ ಹೇಳಿದ್ಲು" ಎಂದರು. ಅದರಲ್ಲಿ ಕುಟುಕು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಹೇಳಬೇಕಾದದ್ದನ್ನು ಪೀಠಿಕೆಯಿಲ್ಲದೆ ಹೇಳಿದೆ. ನಾನು ಅವರ ತರಗತಿಯಲ್ಲಿ ಕುಳಿತಿದ್ದು, ಲೇಖನ ಬರೆದಿದ್ದು, ಅದರಲ್ಲಿ ಅವರನ್ನು ಕಾಣಿಸದೆ ಇದ್ದದ್ದು. ಅವರು ಸೆರಗಿನ ತುದಿಯಿಂದ ಮೊಣಕೈಯ ನೀರು ಒರೆಸಿಕೊಳ್ಳುತ್ತ ಕೇಳಿದರು.

"ಗೊತ್ತದರಿ" ಎಂದರು.

"ಏನು ಗೊತ್ತದ?"

"ನೀವು ಬರದದ್ದು. ಅದು ಛಾಪಾದ ಮುಂದಿನ ವರ್ಷ ನಮಗ ಬೈಲಹೊಂಗಲದಾಗ ತರಬೇತಿ ಇಟ್ರು. ನಿಮ್ಮ ಲೇಖನ ಜೆರಾಕ್ಸ್ ಮಾಡಿ ಹಂಚಿದ್ರು. ಒಬ್ಬ ತರುಣ ಸಾಹೇಬರು ಎರಡು ದಿನ ನಿಂತು, ರೊಟ್ಟಿ ಹೆಂಗ ಕೆಡಸಬೇಕು ಅಂತ ನನಗ ಕಲಿಸಿದ್ರು. ನಾ ಚಲೋ ಕೆಡಸಲಿಲ್ಲಂತ ಮತ್ತೊಮ್ಮಿ ಮಾಡ್ಸಿದ್ರು." ಅವರ ಭುಜಗಳು ನಗುವಿನಿಂದ ಅಲುಗಿದವು. "ಊಟ ಮಾತ್ರ ಚಲೋ ಇತ್ತರಿ."

"ಅಲ್ಲೇ ಎದ್ದು ಹೇಳಬೇಕಿತ್ತಲ್ಲ ಅಕ್ಕೋರ."

"ಏನಂತ? ಇದು ನಂದು ಅಂತ? ನಮ್ಮ ಸಾಲ್ಯಾಗಿಂದು ಪುಸ್ತಕದಾಗ ಬಂತು ಅಂತ ಮೊದಲು ಖುಷಿ ಆತು. ಆಮ್ಯಾಲ ಹುಡುಕಿದ್ರ ಊರ ಹೆಸರೂ ಇಲ್ಲ, ನನ್ನ ಹೆಸರೂ ಇಲ್ಲ. ನಾಕು ದಿನ ಸಿಟ್ಟು ಬಂದಿತ್ತು. ಸುಳ್ಳು ಯಾಕ ಹೇಳ್ಲಿ." ಸೆರಗು ಸಿಕ್ಕಿಸಿಕೊಂಡು ಮುಂದುವರಿದರು. "ಆಮ್ಯಾಲ ಅನಿಸ್ತು, ನಾನರ ಎಲ್ಲಿ ಕಲತೆ? ನಮ್ಮ ಮಾವ ತೀರಿದ ಮ್ಯಾಲ ನಮ್ಮತ್ತಿ ಮಾತು ಬಿಟ್ಟಿದ್ಲು. ಎಂಟು ತಿಂಗಳು. ಡಾಕ್ಟರೂ ನೋಡಿದ್ರು. ಒಂದಿನ ನನ್ನ ಕೈಯಾಗ ರೊಟ್ಟಿ ಹರೀತು, ತ್ಯಾಪಿ ಹಚ್ಚಾಕ ಹೋಗಿ ಮತ್ತೂ ಕೆಡಿಸಿದೆ. ಅತ್ತಿ ಒಲಿ ಮುಂದ ಕುಂತು 'ನಿಮ್ಮವ್ವ ನಿನಗ ಇದನ್ನ ಕಲಿಸ್ಯಾಳನು' ಅಂತ ಬೈದ್ಲು. ಮರುದಿನ ಬೇಕಂತ ಕೆಡಿಸಿದೆ. ಮತ್ತ ಬೈದ್ಲು. ಹಂಗ ಮನಿಯಾಗ ಮಾತು ಸುರುವಾತು."

ಆಗ ನನಗೆ ನಾಚಿಕೆಯ ಜೊತೆಗೆ ಇನ್ನೊಂದು ಸಲ ಹೊಟ್ಟೆಕಿಚ್ಚಾಯಿತೆಂದು ಬರೆಯದಿದ್ದರೆ ಈ ಬರಹ ಸುಳ್ಳಾಗುತ್ತದೆ. ನನ್ನ ಲೇಖನದ ಹಿಂದೆ ಹದಿನಾಲ್ಕು ಗ್ರಂಥಗಳಿದ್ದವು. ಅವರ ವಿಧಾನದ ಹಿಂದೆ ಒಂದು ಒಲೆ ಇತ್ತು, ಎಂಟು ತಿಂಗಳು ಸುಮ್ಮನಿದ್ದ ಒಬ್ಬ ಅತ್ತೆ ಇದ್ದಳು.

"ಹುಡುಗಿಗೆ ಈಗಲೇ ಹೇಳಬೇಕು" ಎಂದೆ. "ವರದಿ ನಾಡಿದ್ದ ಅದ. ನನ್ನ ಲೇಖನ ಹಾಕತೇನಿ ಅಂತ ಕುಂತಾಳ." ನಮ್ಮಲ್ಲಿ ಸಂಜೆ ಐದೂವರೆಯಾದರೆ ಅವರಲ್ಲಿ ಮಧ್ಯಾಹ್ನ ಹನ್ನೆರಡು, ಊಟದ ಬಿಡುವು. ನನ್ನ ಫೋನಿನಲ್ಲಿ ಚಾರ್ಜ್ ಇಳಿದು ಹೋಗುತ್ತಿತ್ತು. ಅಕ್ಕೋರು ತಮ್ಮ ಫೋನು ಹಚ್ಚಿದರು. ನನ್ನ ಕರೆಗಳನ್ನು ಅವಳು ನಾಲ್ಕೈದು ಸಲ ಗಂಟೆ ಬಾರಿಸಿದ ಮೇಲೆ ಎತ್ತುತ್ತಾಳೆ. ಇದನ್ನು ಮೊದಲನೆಯದಕ್ಕೇ ಎತ್ತಿದಳು.

"ಅಕ್ಕೋರ, ಇವತ್ತ ಬುಧವಾರ ಅಲ್ಲೇನ್ರಿ, ಆರಾಮ ಅದೀರಿಲ್ಲ?"

"ನಾ ಆರಾಮ ಅದೇನವಾ. ನಿಮ್ಮ ದೊಡ್ಡವ್ವ ಬಂದಾರ. ಮಾತಾಡು."

ಅಕ್ಕೋರು ಎದ್ದು ಎಮ್ಮೆಯ ಕಡೆ ಹೋದರು, ಆದರೆ ಕೇಳಿಸುವಷ್ಟು ದೂರದಲ್ಲಿಯೇ. ಅವರ ಬೆನ್ನಿಗೆ ಕೇಳುವಂತೆ ಎಲ್ಲವನ್ನೂ ಹುಡುಗಿಗೆ ಹೇಳಿದೆ. ಅವಳ ಹಿಂದೆ ಮಕ್ಕಳ ಊಟದ ತಟ್ಟೆಗಳ ಸಪ್ಪಳ.

"ದೊಡ್ಡವ್ವಾ, ಹಂಗಾರ ನಾ ಆಧಾರ ಏನು ಹಾಕ್ಲಿ? ಬರವಣಿಗಿ ಬೇಕಂತ ಹೇಳ್ಯಾರ. ಒಂದs ದಿನ ಉಳದದ."

ತಪ್ಪು ಒಪ್ಪಿಕೊಳ್ಳುವ ಅವಸರದಲ್ಲಿ ನಾನು ಅವಳ ಕಾಲ ಕೆಳಗಿನ ನೆಲವನ್ನೇ ತೆಗೆದಿದ್ದೆ. ಅಕ್ಕೋರು ತಿರುಗಿ ನೋಡಿದರು. "ಹಾಕಲಿ ಬಿಡ್ರಿ ನಿಮ್ಮದs. ಹುಡುಗಿ ವರ್ಷ ಹೋಗೂದು ಬ್ಯಾಡ." ಅವರು ಅದನ್ನು ಮನಸಾರೆ ಹೇಳಿದರು. ಒಪ್ಪಿಬಿಡಬಹುದಿತ್ತು. ಒಂದು ಕ್ಷಣ ಒಪ್ಪಿಯೂ ಇದ್ದೆ.

ಆಮೇಲೆ ಚಿತ್ರದ ನೆನಪಾಯಿತು. ಸಂದರ್ಶಕರ ಪುಸ್ತಕ ಬರವಣಿಗೆಯೇ. ತಾರೀಖಿದೆ, ಸಹಿಯಿದೆ, ಶಾಲೆಯ ಮುದ್ರೆಯಿದೆ, ಲೇಖನಕ್ಕಿಂತ ಹಳೆಯದು. ಯಾವ ಸಂಶೋಧಕನೂ ಅದನ್ನು ಮೂಲ ಆಧಾರವೆಂದು ಒಪ್ಪಲೇಬೇಕು. ನಾನು ಜೀವನವಿಡೀ ಬರೆದದ್ದು ಅಂಥವುಗಳ ಮೇಲೆಯೇ. ಹುಡುಗಿಗೆ ಅದನ್ನು ವಿವರಿಸಿ, ಅಕ್ಕೋರ ಚಾರ್ಜರಿಗೆ ನನ್ನ ಫೋನು ಸಿಕ್ಕಿಸಿ, ಚಿತ್ರ ಕಳಿಸಿದೆ. ಅದನ್ನು ಇಂಗ್ಲಿಷಿಗೆ ತಿರುಗಿಸಿ ಕೊಡಲೇ ಎಂದು ಕೇಳಿದೆ.

"ಬ್ಯಾಡ ದೊಡ್ಡವ್ವಾ, ಐದು ಸಾಲು ಅದಾವ. ನಾನ ಮಾಡತೇನಿ."

ಕತ್ತಲಾಗುವ ಹೊತ್ತಿಗೆ ಅಕ್ಕೋರು ಕೊಟ್ಟ ಚಹಾದಲ್ಲಿ ಸಕ್ಕರೆ ಬಹಳವಿತ್ತು. ನಾನು ಹೇಳಿದೆ. "ಬೇಕಂತ ಹಾಕೇನಿ" ಎಂದರು. "ಫೋನ್ ಇಟ್ಟು ಒಂದು ತಾಸಾತು, ಬಾಯಿ ಮುಚಿಗೊಂಡು ಕುಂತೀರಿ."

ವರದಿ ಸ್ವೀಕೃತವಾಯಿತು, ಹುಡುಗಿಗೆ ಪ್ರಮಾಣಪತ್ರ ಬಂತು. ನನ್ನ ಲೇಖನ ಅಚ್ಚಾಗಿದ್ದ ಪತ್ರಿಕೆ ಎಂದೋ ನಿಂತುಹೋಗಿದೆ, ತಿದ್ದುಪಡಿ ಕಳಿಸಲು ವಿಳಾಸವಿಲ್ಲ. ಆದುದರಿಂದ ಅದನ್ನು ಇಲ್ಲಿ ಬರೆದಿದ್ದೇನೆ. ಫೋನು ಈಗಲೂ ಶನಿವಾರ ಅವರಿಗೆ, ರವಿವಾರ ನನಗೆ. ಕಿಚ್ಚು ಆರಿದೆಯೆಂದು ಬರೆದರೆ ಅದಕ್ಕೆ ಎರಡನೆಯ ಸಾಕ್ಷಿ ಒದಗಿಸಲಾರೆ.

ವರದಿಯ ಪ್ರತಿಯನ್ನು ಅವಳು ನನಗೆ ಕಳಿಸಿದ್ದಳು. ಆಧಾರಗಳ ಪಟ್ಟಿಯಲ್ಲಿ ಮೊದಲನೆಯದು ದೊಡವಾಡದ ಸಂದರ್ಶಕರ ಪುಸ್ತಕ, ವಿಧಾನ ಇಂಥ ಹೆಸರಿನ ಅಕ್ಕೋರದು, ನಮೂದು ಮಾಡಿದವರು ಒಬ್ಬ ಸಂದರ್ಶಕರು. ಕೆಂಪು ಪೆನ್ನು ಹಿಡಿದು ಕುಳಿತು, ತಾರೀಖನ್ನು ದಿನಚರಿಯೊಂದಿಗೂ, ಚಿತ್ರದೊಂದಿಗೂ, ಪಂಚಾಂಗದೊಂದಿಗೂ ತಾಳೆ ನೋಡಿದೆ. ಸರಿಯಾಗಿತ್ತು. ತಿದ್ದುವುದಕ್ಕೆ ನನಗೆ ಅಲ್ಲಿ ಏನೂ ಉಳಿದಿರಲಿಲ್ಲ.